ಅಮೆರಿಕದ ಕ್ಯಾಸೆಟ್ ತಿಪಟೂರಲ್ಲಿ ಯಾಕೆ ಮುಗ್ಗರಿಸುತ್ತೆ?

ಪ್ರಶ್ನೆ: ಸರ್, ನಮ್ಮಕ್ಕ ಅಮೆರಿಕದಲ್ಲಿದ್ದಾಗ, 1997ರಲ್ಲಿ, ಮಗಳ ನಾಮಕರಣದ ವಿಎಚ್‌ಎಸ್ ಕ್ಯಾಸೆಟ್ ಕಳಿಸಿದ್ದರು. ನಮ್ಮ ಟಿವಿಯಲ್ಲಿ ಕಪ್ಪು-ಬಿಳುಪಾಗಿ ಮೇಲಕ್ಕೆ ಉರುಳುತ್ತಿತ್ತು, ಅಟ್ಟಕ್ಕೆ ಹಾಕಿದೆವು. ಈಚೆಗೆ ತುಮಕೂರಿನ ಅಂಗಡಿಯೊಂದರಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿದೆ. ಬಣ್ಣವೇನೋ ಬಂದಿದೆ. ಆದರೆ ಅಮ್ಮ ಆರತಿ ಎತ್ತುವಾಗ ಕೈ ಎರಡೆರಡು ಕಾಣುತ್ತೆ, ತೊಟ್ಟಿಲು ತಡೆದು ತಡೆದು ತೂಗುತ್ತೆ. ಕೇಳಿದರೆ ‘ಕ್ಯಾಸೆಟ್ ಹಳೇದು’ ಅಂತಾರೆ. ಅಮ್ಮ ಈಗಿಲ್ಲ. ಸರಿ ಮಾಡಿಸಬಹುದೆ? ಮಾಡಿಸಿದ್ದನ್ನು ಅಕ್ಕನಿಗೂ ಕಳಿಸಬೇಕು.
– ಓದುಗರೊಬ್ಬರು, ತಿಪಟೂರು

ಉತ್ತರ: ಟೇಪು ಹಳೆಯದಾದರೆ ಬಿಳಿ ಗೆರೆ ಓಡುತ್ತೆ, ಚುಕ್ಕೆ ಬೀಳುತ್ತೆ, ಬಣ್ಣ ಮಂಕಾಗುತ್ತೆ. ಒಂದು ಕೈ ಎರಡಾಗುವುದಿಲ್ಲ. ಅದು ಪ್ರತಿ ಮಾಡುವಾಗ ಆದ ಎಡವಟ್ಟು. ಹಾಗಾಗಿ ಅಮ್ಮನ ಕೈ ಟೇಪಿನಲ್ಲಿ ಇನ್ನೂ ಸರಿಯಾಗಿಯೇ ಇರುವ ಸಂಭವ ಹೆಚ್ಚು.

ಅಕ್ಕನವರ ಕ್ಯಾಸೆಟ್ ಎನ್‌ಟಿಎಸ್‌ಸಿ ಎಂಬ ಅಮೆರಿಕದ ಟಿವಿ ಪದ್ಧತಿಯದು. ನಮ್ಮದು ಪಾಲ್. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಇಲ್ಲಿ ಬಣ್ಣದ ಟಿವಿ ಬಂದಾಗ ಒಪ್ಪಿಕೊಂಡದ್ದು ಅದನ್ನೇ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಟಿವಿಯ ಲೆಕ್ಕವೂ ಮೊದಲು ಅದನ್ನೇ ಹಿಡಿದು ಹೊರಟಿತು. ಅವರದು 525 ಗೆರೆ, ಸೆಕೆಂಡಿಗೆ ಸುಮಾರು 60 ಅರೆಚಿತ್ರ (ಕರಾರುವಾಕ್ಕಾಗಿ 59.94). ನಮ್ಮದು 625 ಗೆರೆ, 50 ಅರೆಚಿತ್ರ. ಅರೆಚಿತ್ರ ಅಂದರೆ ಒಂದು ಸಲ ಬೆಸ ಗೆರೆಗಳು, ಮರುಸಲ ಸಮ ಗೆರೆಗಳು. ಬಣ್ಣವನ್ನು ಹೊತ್ತು ತರುವ ಅಲೆಯೂ ಬೇರೆ: ಅಲ್ಲಿ 3.58 ಮೆಗಾಹರ್ಟ್ಸ್, ಇಲ್ಲಿ 4.43. ಆಗ ನಿಮ್ಮ ಟಿವಿ ಬಣ್ಣ ತೋರಿಸದೆ ಉರುಳಿದ್ದು ಇದಕ್ಕೇ. ಹಿಂದಿನ ಸೆಟ್ಟುಗಳ ಬೆನ್ನಿಗೆ ‘ವಿ ಹೋಲ್ಡ್’ ಅಂತ ಒಂದು ತಿರುಪು ಇರುತ್ತಿತ್ತು. ತಿರುವಿದರೆ ಉರುಳುವುದು ಎಷ್ಟೋ ಸಲ ನಿಲ್ಲುತ್ತಿತ್ತು, ಬಣ್ಣ ಮಾತ್ರ ಬರುತ್ತಿರಲಿಲ್ಲ.

ಈಗ ಅಂಗಡಿಯ ವಿಷಯ. ಅವರು 60ನ್ನು 50ಕ್ಕೆ ಇಳಿಸಿದ್ದಾರೆ. ಪ್ರತಿ ಸೆಕೆಂಡಿಗೆ 10 ಅರೆಚಿತ್ರ ಎಲ್ಲಿಗೆ ಹೋಗಬೇಕು? ಬಿಸಾಡಿದರೆ ತೊಟ್ಟಿಲು ತಡವರಿಸುತ್ತೆ. ಬಿಸಾಡದೆ ಅಕ್ಕಪಕ್ಕದ ಎರಡನ್ನು ಬೆರೆಸಿದರೆ ಒಂದೇ ಚಿತ್ರದಲ್ಲಿ ಎರಡು ಕ್ಷಣದ ಕೈ. ನಿಮ್ಮ ಪ್ರತಿಯಲ್ಲಿ ಎರಡೂ ಆಗಿರುವಂತಿದೆ. ಇದು ದೊಡ್ಡ ದೊಡ್ಡವರನ್ನೂ ಸತಾಯಿಸಿದ ಕೆಲಸ. 1968ರ ಮೆಕ್ಸಿಕೊ ಒಲಿಂಪಿಕ್ಸನ್ನು ಯುರೋಪಿಗೆ ಬಣ್ಣದಲ್ಲಿ ತೋರಿಸಲು ಬಿಬಿಸಿಯ ಎಂಜಿನಿಯರುಗಳು ಇದಕ್ಕೆಂದೇ ಎಲೆಕ್ಟ್ರಾನಿಕ್ ಯಂತ್ರ ಕಟ್ಟಬೇಕಾಯಿತು. ಅಗ್ಗದ ಸಾಫ್ಟ್‌ವೇರಿನ ಒಂದು ಗುಂಡಿ ಒತ್ತಿದರೆ ಆಗುವಂಥದ್ದಲ್ಲ.

ನನ್ನ ಸಲಹೆ ಕೇಳಿದರೆ, ಬದಲಾಯಿಸಲೇಬೇಡಿ. ಪ್ರಸಾರ ಮಾಡುವವರಿಗೆ ಬೇರೆ ದಾರಿ ಇರಲಿಲ್ಲ, ನಿಮಗೆ ಆ ಹಂಗಿಲ್ಲ. ಇವತ್ತಿನ ಮೊಬೈಲು, ಕಂಪ್ಯೂಟರು 60ನ್ನೂ 50ನ್ನೂ ತೋರಿಸುತ್ತವೆ, ಬಹುಪಾಲು ಟಿವಿಗಳೂ ಅಷ್ಟೇ. ಕೈಯಲ್ಲಿರುವ ಫೈಲನ್ನು ತಿದ್ದಲು ಕೊಡಬೇಡಿ. ಬೆರೆತ ಚಿತ್ರವನ್ನು ಬೇರ್ಪಡಿಸುವುದು ಮಜ್ಜಿಗೆಗೆ ಹಾಕಿದ ನೀರನ್ನು ವಾಪಸ್ ತೆಗೆದಂತೆ. ಕ್ಯಾಸೆಟ್ಟನ್ನೇ ಮತ್ತೆ ಕೊಡಿ. ಕ್ಯಾಸೆಟ್ ಓಡಿಸುವ ವಿಸಿಆರ್ ಮಲ್ಟಿಸಿಸ್ಟಮ್ ಆಗಿರಲಿ, ಅಂದರೆ ಎರಡೂ ಪದ್ಧತಿಯ ಟೇಪು ಓಡಿಸುವಂಥದ್ದು. ಎನ್‌ಟಿಎಸ್‌ಸಿ ಟೇಪಿಗೆ ಅದರ ಹೆಡ್ ಡ್ರಮ್ಮು (ಟೇಪನ್ನು ಓದುವ ಉರುಳೆ) ನಿಮಿಷಕ್ಕೆ ಸುಮಾರು 1,800 ಸುತ್ತು ತಿರುಗಬೇಕು, ಪಾಲ್‌ಗೆ 1,500 ಸಾಕು. ವಿಸಿಆರ್‌ನಲ್ಲಿ ಎನ್‌ಟಿಎಸ್‌ಸಿಗೆ 3.58, 4.43 ಎಂದು ಎರಡು ಆಯ್ಕೆ ಇದ್ದರೆ 3.58ಕ್ಕೇ ಇಡಲು ಹೇಳಿ. ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡನ್ನೂ ಎನ್‌ಟಿಎಸ್‌ಸಿಗೆ ಇಡಬೇಕು. ಇಲ್ಲಿ ಬರುವ ಟೇಪುಗಳೆಲ್ಲ ಪಾಲ್ ಆದ್ದರಿಂದ ಅದನ್ನು ಬದಲಿಸುವುದು ಮರೆತುಹೋಗುತ್ತೆ. ನಾನೇ ಒಮ್ಮೆ ಮರೆತು, ಒಂದು ಮದುವೆಯನ್ನು ಪೂರ್ತಿ ಎರಡನೇ ಸಲ ನೋಡಿದ್ದೇನೆ.

ಫೈಲ್ ಕೈಗೆ ಬಂದಮೇಲೆ ದುಡ್ಡು ಕೊಡುವ ಮೊದಲು ಅದರ ಪ್ರಾಪರ್ಟೀಸ್ ತೆಗೆದು ನೋಡಿ. 720 × 480 (525ರಲ್ಲಿ ಚಿತ್ರ ಹೊರುವ ಗೆರೆಗಳು ಸುಮಾರು ಇಷ್ಟೇ) ಮತ್ತು ಸೆಕೆಂಡಿಗೆ 29.97 ಚಿತ್ರ (ಎರಡು ಅರೆಚಿತ್ರ ಸೇರಿ ಒಂದು) ಇದ್ದರೆ ಟೇಪಿನಲ್ಲಿದ್ದದ್ದು ಇದ್ದಂತೆಯೇ ಬಂದಿದೆ. 576 ಮತ್ತು 25 ಕಂಡರೆ ಮತ್ತೆ ಅದೇ ಕಥೆ. 480 ಗೆರೆಯನ್ನು 576ಕ್ಕೆ ಹಿಗ್ಗಿಸಿದ ಮಾತ್ರಕ್ಕೆ ಮುಖ ಸ್ಪಷ್ಟವಾಗುವುದಿಲ್ಲ. ಆ ಮೂಲ ಫೈಲನ್ನು ಜೋಪಾನವಾಗಿಟ್ಟು, ಮನೆಯವರು ನೋಡಲು ಅದರಿಂದಲೇ ಅರೆಚಿತ್ರಗಳನ್ನು ಪೂರ್ತಿ ಚಿತ್ರಗಳಾಗಿಸಿದ, ಸೆಕೆಂಡಿಗೆ 59.94 ಚಿತ್ರದ ಎಂಪಿ4 ಮಾಡಿಸಿ. ಅಕ್ಕನವರಿಗೂ ಇದನ್ನೇ ಕಳಿಸಿ. ಡಿವಿಡಿ ಬೇಡ. ಇಲ್ಲಿ ಪಾಲ್‌ನಲ್ಲಿ ಸುಟ್ಟ ಡಿವಿಡಿಯನ್ನು ಅಲ್ಲಿನ ಎಷ್ಟೋ ಪ್ಲೇಯರುಗಳು ಓದುವುದಿಲ್ಲ.

ಅಟ್ಟದಲ್ಲಿಟ್ಟದ್ದು ಅಂದಿರಿ. ತೇವ ತಾಗಿದರೆ ಕೊಬ್ಬರಿಗೆ ಏನಾಗುತ್ತೆ ಅಂತ ತಿಪಟೂರಿನವರಿಗೆ ನಾನು ಹೇಳಬೇಕೆ? ಟೇಪಿಗೂ ಅದೇ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಮೇಲೆ ಬೆಳ್ಳನೆಯ ಬೂಷ್ಟು ಕಂಡರೆ ಯಾವ ವಿಸಿಆರ್‌ಗೂ ಹಾಕಗೊಡಬೇಡಿ. ಮೊದಲು ಬಿಚ್ಚಿ ಒರೆಸುವವರು ಸಿಗಬೇಕು.