ಬೆಂಕಿಗೆ ಎರಡು ಪುಟ, ಹೆಸರಿಗೆ ಒಂದೇ ಸಾಲು

ನಮಸ್ಕಾರ.

ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರು ಕಂಪನಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಿಷಯ ಗಟ್ಟಿಯಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

‘ಮಾನವನ ಪ್ರಗತಿಯಲ್ಲಿ ಚಕ್ರದ ಪಾತ್ರ ಅಪಾರ’ ಅಂತ ಶುರು ಮಾಡಿದ್ದೀರಿ. ಕಂಪನಿ ಕಟ್ಟಿದ ರ‍್ಯಾನ್ಸಮ್ ಓಲ್ಡ್ಸ್ ಬರುವುದು ನಾಲ್ಕನೇ ಪ್ಯಾರಾದಲ್ಲಿ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗಾಯಿತು. ಮೊದಲ ಮೂರು ಪ್ಯಾರಾ ತೆಗೆಯಿರಿ.

ಆಮೇಲೆ ಬೆಂಕಿ. 1901ರ ಮಾರ್ಚ್‌ನಲ್ಲಿ ಡೆಟ್ರಾಯ್ಟ್‌ನ ಕಾರ್ಖಾನೆ ಸುಟ್ಟಿದ್ದು ನಿಜ. ಒಂದೇ ಒಂದು ಪುಟ್ಟ ಕಾರನ್ನು ಹೊರಗೆ ತಳ್ಳಿ ಉಳಿಸಿಕೊಂಡರು, ಬೇರೆ ದಾರಿಯಿಲ್ಲದೆ ಅದನ್ನೇ ತಯಾರಿಸಿದರು ಅಂತ ಎರಡು ಪುಟ ಬರೆದಿದ್ದೀರಿ. ಇದು ಓಲ್ಡ್ಸ್ ತಾನೇ ಹೇಳಿಕೊಂಡು ಬಂದ ಕಥೆ. ಆದರೆ ಬೆಂಕಿ ಬೀಳುವ ಮೊದಲೇ ಆ ಕಾರಿಗೆ ಜೋರು ಜಾಹೀರಾತು ನಡೆದಿತ್ತು, 300ಕ್ಕಿಂತ ಜಾಸ್ತಿ ಆರ್ಡರ್ ಬಂದಿದ್ದವು. ಇಷ್ಟು ಗಿರಾಕಿ ಕಾಯುತ್ತಿದ್ದಾಗ ಯಾವ ಕಾರು ಮಾಡಬೇಕು ಅಂತ ಬೆಂಕಿ ಬಂದು ಹೇಳಬೇಕಿತ್ತಾ? ಕಥೆ ಇರಲಿ, ‘ಅಂತ ಆತ ಹೇಳುತ್ತಿದ್ದ’ ಅನ್ನುವುದನ್ನು ಮಾತ್ರ ಸೇರಿಸಿ. ಅರ್ಧ ಪ್ಯಾರಾ ಸಾಕು.

ಇಷ್ಟೆಲ್ಲ ಬರೆದರೂ ಕಾರೇ ಕಣ್ಣಿಗೆ ಕಾಣುವುದಿಲ್ಲ. ಕಂಪನಿಯ ಕೆಲಸಗಾರ ರಾಯ್ ಚಾಪಿನ್ ‘ಸ್ಟೀರಿಂಗ್ ಚಕ್ರವನ್ನು ಗಟ್ಟಿಯಾಗಿ ಹಿಡಿದು’ ಡೆಟ್ರಾಯ್ಟ್‌ನಿಂದ ನ್ಯೂಯಾರ್ಕ್‌ಗೆ ಹೊರಟ ಅಂದಿದ್ದೀರಿ. ಆ ಕಾರಿಗೆ ಸ್ಟೀರಿಂಗ್ ಚಕ್ರವೇ ಇರಲಿಲ್ಲ! ದೋಣಿಯ ಚುಕ್ಕಾಣಿಗಿರುವಂಥ ಒಂದು ಹಿಡಿಕೋಲು, ಅಷ್ಟೇ. ಒಂದೇ ಸಿಲಿಂಡರಿನ ಎಂಜಿನ್ ಸೀಟಿನ ಕೆಳಗೆ. ಮುಂದಿನ ಹಲಗೆ ಹಿಮದ ಮೇಲೆ ಜಾರುವ ಬಂಡಿಯ ಮೂತಿಯ ಹಾಗೆ ಒಳಕ್ಕೆ ಬಾಗಿದೆ. ಬೆಲೆ 650 ಡಾಲರ್. ಇದಿಷ್ಟು ಮೊದಲು ಬರಲಿ. 21 ವರ್ಷದ ಹುಡುಗ ಇಂಥದ್ದರ ಮೇಲೆ ಕೂತು ಏಳೂವರೆ ದಿನ ಹೋದ ಅಂದಾಗ ಓದುಗರಿಗೆ ಸೊಂಟ ನೋಯಬೇಕು. ರಸ್ತೆಯ ಕೆಸರು ತಾಳಲಾರದೆ ಅವನು ಈರಿ ಕಾಲುವೆಯ ಪಕ್ಕ, ಹೇಸರಗತ್ತೆಗಳು ದೋಣಿ ಎಳೆಯುವ ದಾರಿಗೆ ಕಾರು ಇಳಿಸಿದ ಅಂತ ಬರೆದಿದ್ದೀರಲ್ಲ, ಆ ಸಾಲು ಮುಟ್ಟಬೇಡಿ. ಇಡೀ ಲೇಖನದಲ್ಲಿ ನನಗೆ ಹೊಟ್ಟೆಕಿಚ್ಚಾದ ಸಾಲು ಅದು.

ಕಾರುಗಳನ್ನು ಮೊದಲು ಸಾಲುಸಾಲಾಗಿ ತಯಾರಿಸಿದ್ದು ಫೋರ್ಡ್ ಅಂದಿರುವುದನ್ನೂ ತಿದ್ದಿ. ಫೋರ್ಡ್‌ನ ಚಲಿಸುವ ಜೋಡಣಾ ಸಾಲು ಬಂದದ್ದು 1913ರಲ್ಲಿ. ಓಲ್ಡ್ಸ್ ಅದಕ್ಕೆ ಎಷ್ಟೋ ಮುಂಚೆ ಡಾಡ್ಜ್ ಅಣ್ಣತಮ್ಮಂದಿರಿಂದ ಗೇರ್‌ಬಾಕ್ಸ್, ಹೆನ್ರಿ ಲೆಲ್ಯಾಂಡ್ ಕಡೆಯಿಂದ ಎಂಜಿನ್ ತರಿಸಿ ಜೋಡಿಸುತ್ತಿದ್ದ. 1901ರಲ್ಲಿ 425 ಕಾರು, 1904ರಲ್ಲಿ ಐದು ಸಾವಿರ ದಾಟಿತ್ತು. 1893ರಲ್ಲೇ ಆತ ತನ್ನ ಉಗಿ ಗಾಡಿಯೊಂದನ್ನು ಬಾಂಬೆಯ ಕಂಪನಿಗೆ ಮಾರಿದ್ದ. ನಮ್ಮ ಓದುಗರಿಗೆ ಇದನ್ನು ಹೇಳದೆ ಬಿಡುವುದಾ?

ಈಗ ನನ್ನ ದೊಡ್ಡ ತಕರಾರು. ‘1904ರಲ್ಲಿ ಭಿನ್ನಾಭಿಪ್ರಾಯದಿಂದ ಓಲ್ಡ್ಸ್ ಕಂಪನಿ ತೊರೆದರು.’ ಒಂದೇ ಸಾಲು! ನಿಮ್ಮ ಕಥೆ ಇರುವುದೇ ಇಲ್ಲಿ. ದುಡ್ಡು ಹಾಕಿದ್ದು ಸ್ಯಾಮ್ಯುಯೆಲ್ ಸ್ಮಿತ್. ಮಗ ಫ್ರೆಡರಿಕ್‌ಗೆ ದೊಡ್ಡ, ದುಬಾರಿ ಕಾರು ಬೇಕು. ಓಲ್ಡ್ಸ್‌ಗೆ ಅಗ್ಗದ ಪುಟ್ಟ ಕಾರೇ ಸಾಕು. ಕೊನೆಗೆ ಹೊರಗೆ ಬಂದವನು ಓಲ್ಡ್ಸ್, ಅವನ ಹೆಸರು ಮಾತ್ರ ಒಳಗೇ ಉಳಿಯಿತು. ಓಲ್ಡ್ಸ್‌ಮೊಬೈಲ್ ತಯಾರಾಗುತ್ತಿದ್ದ ಲ್ಯಾನ್ಸಿಂಗ್ ಊರಲ್ಲೇ ಹೊಸ ಕಂಪನಿ ಕಟ್ಟಿದಾಗ ತನ್ನ ಪೂರ್ತಿ ಹೆಸರಿನ (ರ‍್ಯಾನ್ಸಮ್ ಈಲೈ ಓಲ್ಡ್ಸ್) ಮೊದಲಕ್ಷರಗಳಾದ R, E, O ಸೇರಿಸಿ ‘ರಿಯೊ’ ಅಂತ ಇಟ್ಟ. ಓಲ್ಡ್ಸ್‌ಮೊಬೈಲ್ 1908ರಲ್ಲಿ ಜನರಲ್ ಮೋಟರ್ಸ್ ಪಾಲಾಯಿತು. ರಿಯೊ 1936ರಲ್ಲಿ ಕಾರು ನಿಲ್ಲಿಸಿ ಲಾರಿಗಳಲ್ಲೇ ಉಳಿಯಿತು. ಓಲ್ಡ್ಸ್ ತೀರಿಕೊಂಡದ್ದು 1950ರಲ್ಲಿ. ಅಷ್ಟೂ ವರ್ಷ ಅದೇ ಊರಲ್ಲಿ, ತನ್ನ ಹೆಸರು ಹೊತ್ತ ಬೇರೆಯವರ ಕಾರು ಓಡಾಡುವುದನ್ನು ನೋಡಿಕೊಂಡಿದ್ದ. ಕೊನೆಯ ಓಲ್ಡ್ಸ್‌ಮೊಬೈಲ್ 2004ರ ಏಪ್ರಿಲ್‌ನಲ್ಲಿ ಹೊರಬಂದದ್ದೂ ಲ್ಯಾನ್ಸಿಂಗ್‌ನಿಂದಲೇ.

ಲೇಖನವನ್ನು 1904ರಿಂದ ಶುರು ಮಾಡಿ ನೋಡಿ. ಸಾವಿರ ಪದ ದಾಟದಿರಲಿ. ತಿಂಗಳೊಳಗೆ ಬಂದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.