ಪ್ರತಿಕ್ರಿಯೆ: ಎರಡು ವರ್ಷದಲ್ಲಿ ಬರೀ 14 ಸ್ಟಾರ್, ಎಂತ ಮಾಡುದು?

ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಕ್ಷರಕ್ಕೆ ಬದಲಿಸುವ ನಿಮ್ಮ ಟೂಲಿಗೆ ಎರಡು ವರ್ಷದಲ್ಲಿ ಕೋಡ್ ಹಂಚುವ ಗಿಟ್‌ಹಬ್ ಸೈಟಲ್ಲಿ 14 ಸ್ಟಾರ್ (ಮೆಚ್ಚುಗೆ ಗುರುತು) ಮಾತ್ರ ಅಂತ ಬೇಜಾರು ಮಾಡ್ಬೇಡಿ ಮಾರ್ರೆ. ಈಗಷ್ಟೇ ಓಪನ್ ಮಾಡಿ ನೋಡಿದೆ, ರೀಡ್‌ಮಿ ಅನ್ನುವ ಪರಿಚಯ ಪುಟದಲ್ಲಿ ಒಂದು ಸ್ಕ್ರೀನ್‌ಶಾಟ್ ಕೂಡ ಇಲ್ಲ, ಸೀದಾ ಪಿಪ್ ಇನ್‌ಸ್ಟಾಲ್ ಅನ್ನುವ ಪೈಥಾನ್ ಕಮಾಂಡಿಂದ ಶುರು, ಆದ್ರೆ ಇದು ಬೇಕಾದದ್ದು ಡಿಟಿಪಿ ಅಂಗಡಿಯವರಿಗಲ್ವಾ, ಅವರಿಗೆ ಪೈಥಾನ್ ಅಂದ್ರೆ ಹೆಬ್ಬಾವೇ. ಡಬಲ್ ಕ್ಲಿಕ್ ಮಾಡಿದ್ರೆ ಓಡುವ ಒಂದು ಇಎಕ್ಸ್‌ಇ ಕೊಡಿ. ಕೋಡನ್ನು ಬೇರೆಯವರು ಹೇಗೆ ಬಳಸಬಹುದು ಅಂತ ಹೇಳುವ ಲೈಸೆನ್ಸ್ ಫೈಲೂ ಇಲ್ಲ, ಅದಿಲ್ಲದೆ ಓಪನ್ ಸೋರ್ಸ್ ಅಂತ ಹೇಳ್ಲಿಕ್ಕೇ ಆಗುದಿಲ್ಲ.

ಮತ್ತೆ ನಾನೊಂದು ಹಳೇ ಬ್ರಹ್ಮಕಲಶದ ಆಮಂತ್ರಣ ಹಾಕಿ ನೋಡಿದೆ, ಅರ್ಕಾವತ್ತು ಒಂದಕ್ಷರ ಜಾರಿ 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ' ಆಗಿದೆ! ಪ್ರಚಾರಕ್ಕಿಂತ ಮೊದಲು ಅದು ಸರಿಯಾಗ್ಬೇಕು, ಆಮೇಲೆ ರಥಬೀದಿ ಹತ್ರ ಒಂದು ಪ್ರೆಸ್ಸಿಗೆ ಹೋಗಿ ಅವರದ್ದೇ ಫೈಲ್ ಕನ್ವರ್ಟ್ ಮಾಡಿ ತೋರ್ಸಿ, ಒಬ್ಬರಿಗೆ ಹಿಡಿಸಿದ್ರೆ ವಾಟ್ಸಾಪಲ್ಲಿ ತನ್ನಿಂತಾನೇ ಹೋಗ್ತದೆ, ಅವರು ಸ್ಟಾರ್ ಕೊಡುದಿಲ್ಲ ಅಷ್ಟೇ.

ಫೇಮಸ್ ಆದ್ರೆ ಸುಖ ಅಂತಲೂ ಇಲ್ಲ. ಇಂಟರ್ನೆಟ್ಟಲ್ಲಿ ಹೋಗುವ ಮಾಹಿತಿ ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಅನ್ನುವ ಓಪನ್ ಸೋರ್ಸ್ ಕೋಡನ್ನು ಲೋಕ ಇಡೀ ಬಳಸ್ತಿತ್ತು, 2014ರಲ್ಲಿ ಅದ್ರಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೊಡ್ಡ ಭದ್ರತಾ ದೋಷ ಹೊರಗೆ ಬರುವಾಗ ಅವರಿಗೆ ವರ್ಷದ ದೇಣಿಗೆ ಸುಮಾರು 2000 ಡಾಲರ್, ಕೆಲಸ ಮಾಡುವವರು ಬೆರಳೆಣಿಕೆ.

ಅರ್ಕಾವತ್ತಿನದ್ದು ಗಿಟ್‌ಹಬ್‌ನಲ್ಲಿ ಇಶ್ಯೂ (ದೋಷದ ದೂರು) ಹಾಕಿದ್ದೇನೆ, ಫೈಲೂ ಉಂಟು, ಆದಿತ್ಯವಾರ ಪುರುಸೊತ್ತಾದ್ರೆ ನೋಡಿ.