ಮಗಳ ಮನೆ ಎಷ್ಟು ಕವಳದ ದಾರಿ?

"ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಅಳಿಯನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ. ಆರು ವರ್ಷದಿಂದ ಬಾಡಿಗೆ ಮನೆ. ಈಗ ಸ್ವಂತದ್ದು ಮಾಡೋಣ ಅಂತಿದ್ದಾರೆ. ನಾನು ನೆಲಮಂಗಲದ ಆಚೆ ಒಂದು ಲೇಔಟಿನಲ್ಲಿ ಮನೆ ನೋಡಿ ಬಂದೆ. ಮುಂದೆ ಎರಡು ತೆಂಗಿನ ಮರ, ಒಳ್ಳೆ ಗಾಳಿ. ಊರಿಗೆ ಬರುವಾಗ ಬೆಂಗಳೂರು ದಾಟುವ ಕಷ್ಟವೇ ಇಲ್ಲ. ಮಗಳು ಮಾತ್ರ ಕೋಣನಕುಂಟೆ ಕಡೆ ಮೆಟ್ರೋ ಹತ್ತಿರ ಎರಡು ರೂಮಿನ ಫ್ಲ್ಯಾಟ್ ಸಾಕು ಅನ್ನುತ್ತಾಳೆ. ಅದೇ ದುಡ್ಡಿಗೆ ಬೆಂಕಿಪೊಟ್ಟಣ! ಕಾರಿದೆ, ನೈಸ್ ರೋಡಿದೆ. ನಮ್ಮ ಕಡೆ ಪಕ್ಕದ ಮನೆಗೆ ಹೋಗಲಿಕ್ಕೇ ಒಂದು ಮೈಲಿ ನಡೆಯುತ್ತೇವೆ, ದೂರ ಏನು ಮಹಾ? ನಿಮ್ಮ ಪತ್ರಿಕೆ ಅವಳೂ ಓದುತ್ತಾಳೆ. ನಾಲ್ಕು ಮಾತು ಬರೆಯಿರಿ."
— ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ನಮಸ್ಕಾರ. ನಾಲ್ಕು ಮಾತು ಖಂಡಿತ ಬರೆಯುತ್ತೇನೆ. ಆದರೆ ಅವು ಮಗಳಿಗಲ್ಲ, ನಿಮಗೆ. ಬೇಸರ ಮಾಡಿಕೊಳ್ಳಬೇಡಿ ಮಾರಾಯ್ರೇ, ಈ ವಿಷಯದಲ್ಲಿ ನಿಮ್ಮ ಮಗಳು ಹೇಳುವುದೇ ಸರಿ.

ನಿಮ್ಮ ಮಾತಿನಲ್ಲೂ ನ್ಯಾಯ ಇದೆ. ದೂರ ಹೋದಷ್ಟೂ ದುಡ್ಡಿಗೆ ಜಾಗ ಜಾಸ್ತಿ ಸಿಗುತ್ತದೆ. ಮಕ್ಕಳಿಗೆ ಆಡಲು ಅಂಗಳ, ನೀವು ಹೋದಾಗ ಕಾಲು ಚಾಚಿ ಕೂರಲು ಜಗಲಿ, ಧೂಳು ಕಡಿಮೆ. ಹೌದು, ಒಪ್ಪಿದೆ.

ಈಗ ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಸಾಲಿಗೆ ಬರುತ್ತೇನೆ. ಪಕ್ಕದ ಮನೆಗೆ ಒಂದು ಮೈಲಿ ಅಂದಿರಲ್ಲ, ಅದು. ನಿಜ, ನಮ್ಮ ಕಡೆ ಮನೆಗಳೇ ಹಾಗೆ. ಒಂದು ಗುಡ್ಡದ ಬುಡದಲ್ಲಿ ಒಂದು, ಇನ್ನೊಂದು ತೋಟದಾಚೆ. ಆದರೆ ನಮ್ಮ ಹಿರಿಯರು ಆ ದೂರವನ್ನು ಮೈಲಿಯಲ್ಲಿ ಹೇಳುತ್ತಿದ್ದರಾ? ಹತ್ತಿರ ಇದ್ದರೆ ಕೂಗಳತೆ. ಅದಕ್ಕಿಂತ ಆಚೆ ಇದ್ದರೆ ನನ್ನ ಅಜ್ಜ "ಒಂದು ಕವಳದ ದಾರಿ" ಅನ್ನುತ್ತಿದ್ದರು. ಎಲೆಗೆ ಸುಣ್ಣ ಹಚ್ಚಿ ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡು ಹೊರಟರೆ, ಅದು ಮುಗಿದು ಉಗುಳುವ ಹೊತ್ತಿಗೆ ಆ ಮನೆ ಸಿಗಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೇ ದಾರಿ ಮೂರು ಕವಳದ್ದಾಗುತ್ತಿತ್ತು. ದಾರಿ ಉದ್ದ ಆಗಿರುತ್ತಿರಲಿಲ್ಲ, ಹೊತ್ತು ಜಾಸ್ತಿ ಹಿಡಿಯುತ್ತಿತ್ತು. ಅವರಿಗೆ ದೂರ ಅಂದರೆ ಹೊತ್ತು. ಬೆಂಗಳೂರಿನಲ್ಲಿ ಮನೆ ಹುಡುಕುವವರಿಗೆ ಇದಕ್ಕಿಂತ ಒಳ್ಳೆ ಅಳತೆಗೋಲು ಇಲ್ಲ. ಲೇಔಟಿನ ಬೋರ್ಡಿನ ಮೇಲೆ ಕಿಲೋಮೀಟರ್ ಬರೆದಿರುತ್ತಾರೆ. ಅದನ್ನು ನಂಬಬೇಡಿ. ಟಾಮ್‌ಟಾಮ್ ಎಂಬ ಕಂಪನಿ ಪ್ರಪಂಚದ ಊರುಗಳ ಟ್ರಾಫಿಕ್ ಅಳೆಯುತ್ತದೆ. 2019ರ ಲೆಕ್ಕದಲ್ಲಿ ಬೆಂಗಳೂರೇ ಮೊದಲನೆಯದು: ರಸ್ತೆ ಖಾಲಿ ಇದ್ದಾಗ ಹಿಡಿಯುವ ಹೊತ್ತಿಗಿಂತ ಸರಾಸರಿ ಶೇ 71 ಜಾಸ್ತಿ. ಇಲ್ಲಿ ಒಂದು ಕವಳಕ್ಕೆ ಮುಗಿಯುವ ದಾರಿ ಅಲ್ಲಿ ಹೆಚ್ಚು ಕಡಿಮೆ ಎರಡು ಕವಳದ್ದು.

ಇದು ನನಗೆ ಗೊತ್ತಾಗಿದ್ದು ಓದಿನಿಂದ ಅಲ್ಲ, ನಮ್ಮಪ್ಪನಿಂದ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾವಿದ್ದದ್ದು ಶಿವಮೊಗ್ಗದಲ್ಲಿ. ಮೀಟರ್ ಗೇಜ್ ರೈಲಿನ ಕಾಲ. ಮನೆ ಹುಡುಕುವಾಗ ಅಮ್ಮನಿಗೆ ಹಿಡಿಸಿದ್ದು ಊರಾಚೆಯ ಒಂದು ಮನೆ. ಹಿತ್ತಲು, ಬಾವಿ, ಹಲಸಿನ ಮರ ಎಲ್ಲ ಇತ್ತು. ಸ್ಟೇಷನ್ ಹತ್ತಿರದ್ದು ಎರಡು ಕೋಣೆಯ ಮನೆ, ಗೋಡೆಗೆ ಗೋಡೆ ಅಂಟಿದ ವಠಾರ. ಅಪ್ಪ ಜಗಳ ಆಡಲಿಲ್ಲ. ಆಷಾಢದ ಮಳೆಯಲ್ಲಿ ಒಂದು ದಿನ ಆ ಮನೆಯಿಂದ, ಮಾರನೇ ದಿನ ಈ ಮನೆಯಿಂದ ಕೊಡೆ ಹಿಡಿದು ಸ್ಟೇಷನ್‌ಗೆ ನಡೆದು, ವಾಚ್ ನೋಡಿಕೊಂಡು ಬಂದರು. ಒಂದು 35 ನಿಮಿಷ, ಇನ್ನೊಂದು 6. ವಠಾರಕ್ಕೆ ಮುಂಗಡ ಕೊಟ್ಟರು. ಅಮ್ಮ ಒಂದು ವಾರ ಸರಿಯಾಗಿ ಮಾತಾಡಲಿಲ್ಲ ಅಂತ ಅವರೇ ಹೇಳುತ್ತಿದ್ದರು.

ಆಮೇಲೆ ಏನಾಯಿತು ಗೊತ್ತಾ? ಸಂಜೆ ರೈಲು ಕೂಗಿದ ಕೂಡಲೇ ಅಮ್ಮ ಒಲೆ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ನೀರು ಮರಳುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ. ಬುತ್ತಿ ಡಬ್ಬಿ ಕೈಗೆ ಕೊಟ್ಟು, ಒದ್ದೆ ಕೊಡೆಯನ್ನು ಬಚ್ಚಲ ಗೂಟಕ್ಕೆ ಸಿಕ್ಕಿಸಿ, ಕಾಫಿ ಲೋಟ ಹಿಡಿದು ನಮ್ಮ ಪಕ್ಕ ಕೂತು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಇನ್ನೂ ಬೆಳಕು ಇರುತ್ತಿತ್ತು. ನನಗೆ ಹದಿನಾರರ ಮಗ್ಗಿ ಬಂದದ್ದು ಆ ಆರು ನಿಮಿಷದ ದಾರಿಯ ದೆಸೆಯಿಂದ. ಹಲಸಿನ ಮರದ ಮನೆ ತೆಗೆದುಕೊಂಡಿದ್ದರೆ ಅಪ್ಪ ಬರುವ ಹೊತ್ತಿಗೆ ನಾವು ತೂಕಡಿಸುತ್ತಿದ್ದೆವು.

ಹೋದ ವರ್ಷ ಬೆಂಗಳೂರಿನ ಹೊರಗೆ ಒಂದು ಲೇಔಟಿನಲ್ಲಿ ಗೆಳೆಯರ ಮಗನ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದೆ. ಹೊಸನಗರ ಕಡೆಯವರು. ಮನೆ ಚೆನ್ನಾಗಿದೆ, ನೀವು ನೋಡಿ ಬಂದ ಥರದ್ದೇ ಇರಬೇಕು. ತಾಯಿ ಊರಿಂದ ತೂಗುಮಂಚ ಮಾಡಿಸಿ ಕಳಿಸಿದ್ದಾರೆ, ಸಾಗುವಾನಿಯದ್ದು, ಹಿತ್ತಾಳೆ ಸರಪಳಿ. ಮನೆ ಹೊಕ್ಕು ಎರಡು ವರ್ಷ ಆದರೂ ಸರಪಳಿಗೆ ಸುತ್ತಿದ ಪ್ಲಾಸ್ಟಿಕ್ ಬಿಚ್ಚಿಲ್ಲ. ಕೂರುವವರು ಯಾರು? ಹುಡುಗ ಬೆಳಗ್ಗೆ ಏಳಕ್ಕೆ ಮೊದಲು ಹೊರಡುತ್ತಾನೆ, ರಾತ್ರಿ ಒಂಬತ್ತರ ಮೇಲೆ ಬರುತ್ತಾನೆ. ಮೂರು ವರ್ಷದ ಮಗು ಅಪ್ಪನಿಗೆ ಗುಡ್ ನೈಟ್ ಹೇಳುವುದು ಫೋನಿನಲ್ಲಿ. ಅವನು ಆಗ ಯಾವುದೋ ಫ್ಲೈಓವರ್ ಕೆಳಗೆ ಸಿಗ್ನಲ್ ಕಾಯುತ್ತಿರುತ್ತಾನೆ. ಆ ಫೋನ್ ನನ್ನ ಎದುರಿಗೇ ಬಂತು. ಮಗು ಸ್ಕ್ರೀನಿಗೆ ಮುತ್ತು ಕೊಟ್ಟಿತು. ನನಗೆ ಅವತ್ತು ಊಟ ಸೇರಲಿಲ್ಲ.

ಓದಿದ್ದೂ ಒಂದೆರಡು ಹೇಳುತ್ತೇನೆ. ಇಟಲಿಯ ವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದ ಪ್ರಬಂಧ ಒಂದಿದೆ. ಹಳೇ ಕಾಲದ ಹಳ್ಳಿಯಾಗಲಿ ಇವತ್ತಿನ ನಗರವಾಗಲಿ, ಮನುಷ್ಯ ದಿನಕ್ಕೆ ಓಡಾಟಕ್ಕೆ ಕೊಡುವುದು ಸುಮಾರು ಒಂದು ಗಂಟೆ, ಹೋಗಿ ಬರುವುದು ಸೇರಿ. ವಾಹನದ ವೇಗ ಹೆಚ್ಚಿದರೆ ಊರು ದೊಡ್ಡದಾಗುತ್ತದೆ, ಆ ಗಂಟೆ ಹಾಗೇ ಇರುತ್ತದೆ. ಸ್ವಿಟ್ಜರ್ಲೆಂಡಿನ ಇಬ್ಬರು ಅರ್ಥಶಾಸ್ತ್ರಜ್ಞರು, ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್, ಜರ್ಮನಿಯ ಜನರ ಲೆಕ್ಕ ಹಿಡಿದು ನೋಡಿದರು. ಕೆಲಸಕ್ಕೆ ದೂರ ಹೋಗುವವರಿಗೆ ದೊಡ್ಡ ಮನೆಯಿಂದಲೋ ಒಳ್ಳೆ ಸಂಬಳದಿಂದಲೋ ಆ ಕಷ್ಟ ತುಂಬಿಬರಬೇಕಲ್ಲ? ತುಂಬಿಬರುತ್ತಿಲ್ಲ. ದಾರಿ ಉದ್ದ ಆದಷ್ಟೂ ಬದುಕಿನ ಬಗ್ಗೆ ತೃಪ್ತಿ ಕಡಿಮೆ. ದೊಡ್ಡ ಮನೆ ನಾಲ್ಕು ತಿಂಗಳಿಗೆ ಅಭ್ಯಾಸ ಆಗಿಬಿಡುತ್ತದೆ. ಟ್ರಾಫಿಕ್ ಅಭ್ಯಾಸ ಆದವರನ್ನು ನಾನಂತೂ ನೋಡಿಲ್ಲ.

ಈಗ ನಿಮ್ಮ ಮನೆ ಲೆಕ್ಕವನ್ನೇ ಮಾಡೋಣ. ಮಗಳು ವರ್ಷಕ್ಕೆ ಎಷ್ಟು ಸಲ ಊರಿಗೆ ಬರುತ್ತಾಳೆ? ಯುಗಾದಿ, ಗೌರಿ ಹಬ್ಬ, ದೀಪಾವಳಿ, ಎರಡು ಮದುವೆ, ಒಂದು ತಿಥಿ, ಹೀಗೆ ಹತ್ತು ಸಲ ಅಂತ ಹಿಡಿಯಿರಿ. ನೆಲಮಂಗಲದಲ್ಲಿದ್ದರೆ ಒಂದೊಂದು ಸಲ ಹೋಗಿ ಬರುವುದರಲ್ಲಿ ಮೂರು ಗಂಟೆ ಉಳಿಯಿತು ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ 30 ಗಂಟೆ. ಆಫೀಸಿಗೆ 240 ದಿನ. ದಿನಕ್ಕೆ ಎರಡೇ ಗಂಟೆ ಹೆಚ್ಚಾದರೂ 480 ಗಂಟೆ, ಅಂದರೆ ಹಗಲು ರಾತ್ರಿ ಸೇರಿ ಪೂರ್ತಿ 20 ದಿನ. ವಾರಕ್ಕೆ ಮೂರೇ ದಿನ ಆಫೀಸು ಅಂದರೂ 280ರ ಮೇಲೆ ಹೋಗುತ್ತದೆ. ಮೂವತ್ತು ಉಳಿಸಲು ಇಷ್ಟು ಕಳೆಯುವ ವ್ಯಾಪಾರವನ್ನು ನೀವು ಅಡಿಕೆ ಮಂಡಿಯಲ್ಲಿ ಮಾಡುತ್ತೀರಾ?

ಇದು ನಿಮ್ಮೊಬ್ಬರ ತಪ್ಪಲ್ಲ. ನಮ್ಮ ಕಡೆಯವರಲ್ಲಿ ಎಷ್ಟೋ ಜನ ವಿಜಯನಗರ, ರಾಜಾಜಿನಗರ, ದಾಸರಹಳ್ಳಿ ಅಂತ ಆ ಮಗ್ಗುಲಲ್ಲೇ ಮನೆ ಮಾಡಿದ್ದು ಏಕೆ? ಊರಿನ ಬಸ್ಸು ತುಮಕೂರು ರಸ್ತೆಯಲ್ಲಿ ಹೋಗುತ್ತದೆ, ಅದಕ್ಕೆ. ಒಂದು ಕಾಲು ಯಾವಾಗಲೂ ಊರಿನ ಕಡೆ. ಆ ಪ್ರೀತಿ ನನಗೆ ಅರ್ಥ ಆಗುತ್ತದೆ. ಆದರೆ ಮಗಳು ಹೇಳಿದ ಜಾಗದಿಂದ ಊರು ಏನೂ ದೂರ ಆಗುವುದಿಲ್ಲ ಮಾರಾಯ್ರೇ. ಕೋಣನಕುಂಟೆ ಕ್ರಾಸ್ ಇರುವುದು ಹಸಿರು ಮೆಟ್ರೋ ಮಾರ್ಗದಲ್ಲಿ, ಆ ಭಾಗ ಶುರುವಾಗಿದ್ದು 2021ರಲ್ಲಿ. ಮೆಜೆಸ್ಟಿಕ್, ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ ಎಲ್ಲವೂ ಅದೇ ಮಾರ್ಗದಲ್ಲಿವೆ. ತೀರ್ಥಹಳ್ಳಿಗೆ ರೈಲಿಲ್ಲ ನಿಜ. ಆದರೆ ರಾತ್ರಿ ಬಸ್ಸಿಗೆ ಮೆಟ್ರೋದಲ್ಲಿ ಬಂದು ಗೊರಗುಂಟೆಪಾಳ್ಯದಲ್ಲಿ ಹತ್ತಬಹುದು, ಇಲ್ಲವೇ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದು ಬಸ್ ಹಿಡಿಯಬಹುದು.

ಅವಳ ಆಯ್ಕೆಯ ಜಾಣತನ ನೋಡಿ. ಅಳಿಯ ಹಸಿರು ರೈಲು ಹತ್ತಿದರೆ ಬದಲಿಸದೆ ನೇರ ಪೀಣ್ಯ. ಅವಳು ನಾಲ್ಕನೇ ಸ್ಟೇಷನ್, ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ ಹಿಡಿದರೆ ಎಲೆಕ್ಟ್ರಾನಿಕ್ ಸಿಟಿ. ಆ ಮಾರ್ಗ 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆಯಿತು, ಬೊಮ್ಮಸಂದ್ರದವರೆಗೆ 19 ಕಿ.ಮೀ. ಚಿಲ್ಲರೆ. ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲು ಅಂತ ಜನ ಬೈದುಕೊಂಡರು, ಟಿಕೆಟ್ ದರವೂ ಆ ವರ್ಷ ಏರಿ ಗರಿಷ್ಠ 60 ರೂಪಾಯಿ ಇದ್ದದ್ದು 90 ಆಯಿತು. ಅದು ನನಗೂ ಸಿಟ್ಟು. ಆದರೂ ಇಬ್ಬರ ದಾರಿಯನ್ನೂ ತೂಗಿ ನಡುವೆ ಒಂದು ಜಾಗ ಹುಡುಕಿದ್ದಾಳೆ ನಿಮ್ಮ ಮಗಳು. ನೀವು ನೋಡಿದ ಮನೆಯಲ್ಲಿ ಅಳಿಯನ ದಾರಿ ಮಾತ್ರ ಹತ್ತಿರ. ನೈಸ್ ರಸ್ತೆ ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ 41 ಕಿ.ಮೀ., ಅದೂ ಮಾದಾವರಕ್ಕೆ ಬಂದು ಸೇರಿದ ಮೇಲೆ. ಎರಡೂ ಕಡೆ ಟೋಲ್. ದಿನಾ ಎರಡು ಸಲ ಸ್ಟೇರಿಂಗ್ ಹಿಡಿದು ಅಷ್ಟು ದೂರ ಓಡಿಸಿ, ಮನೆಗೆ ಬಂದು ಅಡುಗೆ ಮನೆಗೂ ಹೋಗಬೇಕಾದವಳು ಯಾರು? ಇದನ್ನು ಪತ್ರದಲ್ಲಿ ನೀವು ಬರೆದಿಲ್ಲ. ಬರೆಯದಿದ್ದದ್ದು ನನಗೆ ಸ್ವಲ್ಪ ನೋವಾಯಿತು.

ನೀರಿನ ವಿಷಯ ಕೇಳಿದಿರಾ? ನಾವು ಮಳೆ ನೋಡಿ ಬೆಳೆದವರು, ಮನೆ ಕೊಳ್ಳುವಾಗ ನೀರಿನ ಬಗ್ಗೆ ಕೇಳುವುದೇ ಇಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಜನ ಸಾಲು ನಿಂತಿದ್ದರು. ನಗರಕ್ಕೆ 2007ರಲ್ಲಿ ಸೇರಿದ 110 ಹಳ್ಳಿಗಳಿಗೆ ಅಂತ ಕಾವೇರಿ 5ನೇ ಹಂತ ಉದ್ಘಾಟನೆ ಆಗಿದ್ದೇ 2024ರ ಅಕ್ಟೋಬರಿನಲ್ಲಿ. ಫ್ಲ್ಯಾಟ್ ಆದರೂ ಇದನ್ನು ಕೇಳಿ. ಕಾಗದಪತ್ರ ವಕೀಲರಿಗೆ ತೋರಿಸಿ.

ನನ್ನ ಹೊಟ್ಟೆಯೊಳಗಿನದ್ದೂ ಒಂದಿದೆ, ಹೇಳಿಬಿಡುತ್ತೇನೆ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಮುಂಬೈಯಲ್ಲಿ ಜನ ರೈಲ್ವೆ ಸ್ಟೇಷನ್ ನೋಡಿ ಮನೆ ಮಾಡಿದರು, ಅಲ್ಲಿ 1925ರಲ್ಲೇ ವಿದ್ಯುತ್ ಲೋಕಲ್ ಓಡಿತು. ಬೆಂಗಳೂರಿನ ಉಪನಗರ ರೈಲಿಗೆ ಕೇಂದ್ರ ಸಂಪುಟ ಒಪ್ಪಿದ್ದು 2020ರಲ್ಲಿ, ಶಂಕುಸ್ಥಾಪನೆ 2022ರ ಜೂನಿನಲ್ಲಿ. 148 ಕಿ.ಮೀ., ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಎಷ್ಟು ಚೆಂದದ ಹೆಸರು! ಒಂದು ಹೂವೂ ಇನ್ನೂ ಅರಳಿಲ್ಲ. ಈ ರೈಲು ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಚಿಕ್ಕಬಾಣಾವರದಲ್ಲೋ ಕೆಂಗೇರಿಯಲ್ಲೋ ತೆಂಗಿನ ಮರದ ಮನೆಯನ್ನೇ ಕೊಂಡು ಹೊತ್ತಿಗೆ ಸರಿಯಾಗಿ ಮನೆ ಸೇರಬಹುದಿತ್ತು. ಮನೆ ಬೇಕೋ ಹೊತ್ತು ಬೇಕೋ ಅಂತ ಅಪ್ಪ ಮಗಳು ಎಳೆದಾಡುವ ಗತಿ ಬರುತ್ತಿರಲಿಲ್ಲ.

ನಾವು ಆ ಊರಿಗೆ ಕೊಟ್ಟದ್ದು ಕಡಿಮೆಯಾ? 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ತೋಟ ಮನೆ ಮುಳುಗಿಸಿಕೊಂಡವರು ನಮ್ಮವರು. ಅವರಿಗೆ ಜಾಗ ಆರಿಸಿಕೊಳ್ಳುವ ಭಾಗ್ಯವೇ ಇರಲಿಲ್ಲ, ಲಾರಿ ಇಳಿಸಿದ ಕಡೆ ಬದುಕು ಕಟ್ಟಿಕೊಂಡರು. ಶರಾವತಿಯ 1,035 ಮೆಗಾವಾಟ್ ವಿದ್ಯುತ್ ನಾಡಿಗೆ ಹೋಯಿತು. 2019ರಲ್ಲಿ ನದಿ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಇಲ್ಲಿ ಬೀದಿಗಿಳಿಯಬೇಕಾಯಿತು. ಮಕ್ಕಳನ್ನಂತೂ ವರ್ಷ ವರ್ಷ ಕಳಿಸುತ್ತಲೇ ಇದ್ದೇವೆ. ಆ ಮಕ್ಕಳು ಸಂಜೆ ಬೆಳಕಿರುವಾಗ ಮನೆ ಸೇರಲಿ ಅಂತ ಕೇಳುವುದು ಹೆಚ್ಚಾಯಿತಾ?

ಇಲ್ಲೂ ಅದೇ ಪಾಠ ಶುರುವಾಗಿದೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಶಿವಮೊಗ್ಗದ ಸುತ್ತ ಗದ್ದೆಗಳಲ್ಲಿ ಲೇಔಟಿನ ಕಲ್ಲು ನೆಡುತ್ತಿದ್ದಾರೆ. ಸೈಟಿಗೆ ಹೋಗಲು ಸಿಟಿ ಬಸ್ ಬರುತ್ತದಾ ಅಂತ ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ.

ಹೋಗಲಿ, ನಿಮ್ಮ ವಿಷಯಕ್ಕೆ ಬರುತ್ತೇನೆ. ಸೈಟಿನವರು ತೋರಿಸುವುದು ಭಾನುವಾರ ಬೆಳಗ್ಗೆ. ಆಗ ಎಲ್ಲ ದಾರಿಯೂ ಹತ್ತಿರ. ನೀವು ಒಂದು ಭಾನುವಾರ ರಾತ್ರಿ ಬಸ್ ಹತ್ತಿ. ಸೋಮವಾರ ಬೆಳಗ್ಗೆ ಏಳೂವರೆಗೆ ಆ ತೆಂಗಿನ ಮರದ ಮನೆ ಬಾಗಿಲಲ್ಲಿ ಮಗಳ ಜೊತೆ ಕಾರಿನಲ್ಲಿ ಕೂತು, ಅವಳ ಆಫೀಸಿನ ಗೇಟಿನವರೆಗೆ ಹೋಗಿ. ಸಂಜೆ ಅವಳ ಜೊತೆಯೇ ವಾಪಸ್ ಬನ್ನಿ. ಮಂಗಳವಾರ ಫ್ಲ್ಯಾಟಿನಿಂದ ಸ್ಟೇಷನ್‌ಗೆ ನಡೆದು, ರೈಲು ಬದಲಿಸಿ, ಅದೇ ಗೇಟಿಗೆ ಹೋಗಿ. ಸಾಧ್ಯವಾದರೆ ಮಳೆ ಬರುವ ದಿನವೇ ಇರಲಿ. ಎಲೆ ಅಡಿಕೆ ಚೀಲ ಮರೆಯದೆ ತೆಗೆದುಕೊಂಡು ಹೋಗಿ. ಯಾವುದು ಎಷ್ಟು ಕವಳದ ದಾರಿ ಅಂತ ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ